ಕಿಟಕಿಯ ನೀಲಿ

ಬ್ರಶ್ಶೋ ಗನ್ನೋ, ಮೊದಲು ಅದನ್ನ ಹೇಳು,
ಅಂದಳು ಎರ್ಮೆಲಿಂಡಾಬಾಯಿ, ಕೋಳಿ ಓಡಿಸಿಕೋತ.
ಕುಡ್ತರಿಯ ಗದ್ದಿ ಕೊಯ್ದು ಮುಗಿದಿತ್ತು.
ಹಲಸಿನ ಗಿಡದ ಕೆಳಗ ಟ್ರ್ಯಾಕ್ಟರು
ಬಾನೆಟ್ ತಗಿಸಿಕೊಂಡು ನಿಂತಿತ್ತು,
ಹಲ್ಲಿನ ಡಾಕ್ಟರ ಮುಂದ ಬಾಯಿ ತಗದು ಕುಂತವರಂಗ.

ಬ್ರಶ್ಶಾದ್ರ ಅಗ್ಗ ಬಾಯಿ, ಗೆರಿ ಬೀಳತಾವ.
ಗನ್ನಾದ್ರ ನುಣುಪು, ಆದ್ರ ಗಾಳಿ ಎತ್ತ ಬೀಸತೈತೋ
ಅತ್ತ ಅರ್ಧ ಬಣ್ಣ: ನಿಮ್ಮ ಅರಿವಿಗೆ, ಶಿಲುಬಿಗೆ, ಕೋಳಿಗೆ.
ಆಕಿ ಶಿಲುಬಿ ಕಡೆ ನೋಡಿದಳು, ಆಮ್ಯಾಲ ಕೋಳಿ ಕಡೆ.
ಗನ್ನ ಇರಲಿ, ಅಂದಳು. ಕೋಳಿ ಮುಚ್ಚಿಹಾಕತೀನಿ.

ಹದಿನಾಕು ವರ್ಷ ನಾ ಸಾವರ್ಡೆದಾಗ
ಗಣಿ ಲಾರಿಗೆ ಬಣ್ಣ ಹೊಡದವ.
ಒಣಗೂದ್ರಾಗ ಕೆಂಪು ಧೂಳು ಬಂದು ಕುಂದರತಿತ್ತು,
ಯಾವ ಬಣ್ಣ ಹೊಡದರೂ ಒಂದ ಬಣ್ಣ.
ಟ್ರ್ಯಾಕ್ಟರು ಹಂಗಲ್ಲ. ಇದಕ್ಕ ಮನಿ ಐತಿ.
ಇದರ ಮೈಮ್ಯಾಲ ಯಾರ್ಯಾರೋ ಏನೇನೋ ಮಾಡಿರತಾರ.

ಯಮನೂರ ಮಡ್‌ಗಾರ್ಡಿಗೆ ಪಾಲಿಶ್ ಕಾಗದ ಹಚ್ಚಿದ.
ತಿಕ್ಕೂದೇ ಬ್ಯಾಡ,
ಕೆಂಪು ಹುರದ ಹಪ್ಪಳದಂಗ ಹಾಳಿಹಾಳಿ ಎದ್ದು ಬಂತು.
ಕೆಳಗ ನೀಲಿ.

ಅಣ್ಣಾ, ಕಂಪನಿ ನೀಲೀನಾ? ಅಂದ.
ಕಂಪನಿದಲ್ಲಲೇ. ನೋಡು, ಗೆರಿ ಅದಾವ,
ಇಲ್ಲಿ ಹನಿ ಇಳದು ಗಟ್ಟಿಯಾಗೇತಿ,
ಇಲ್ಲೊಂದು ಬ್ರಶ್ಶಿನ ಕೂದಲ ಸಿಕ್ಕೊಂಡು ಸತ್ತೈತಿ.
ಕೈ ಹೊಸಾದು. ಆದ್ರ ಕಣ್ಣಿಗೆ ಬೀಳೂ ಒಂದು ಮೂಲಿನೂ ಬಿಟ್ಟಿಲ್ಲ.
ತಲಿ ಎತ್ತಿದೆ.
ಮನಿ ಕಿಟಕಿ ಅಷ್ಟೂ ಅದ ನೀಲಿ.

ಉಸ್ತಾದ ರಾಜೇಸಾಬ ಹೇಳತಿದ್ದ:
ಹಳೇ ಬಣ್ಣಕ್ಕ ಗಾಯ ಮಾಡದ
ಹೊಸಾದು ಹಚ್ಚಬ್ಯಾಡ, ಹಿಡಿಯಾಂಗಿಲ್ಲ.
ಈ ಕೆಂಪು ಹಚ್ಚಿದವಗ ಭಾಳ ಅವಸರಿತ್ತು.

ಚಾ ತಂದಾಗ ಆಕಿ ನೋಡಿದಳು.
ತಾಟು ಕೈಯಾಗ ಹಂಗ ನಿಂತಿತು.
ನಾನಾ ಬಳಿದದ್ದು, ಅಂದಳು.
ಸಾಂತಾನ ಹಡಗದಾಗಿದ್ದ, ಅಡಿಗಿ ಕೆಲಸ, ಹನ್ನೊಂದು ತಿಂಗಳು.
ನಾ ಬಂದ ಮ್ಯಾಲ ಬಣ್ಣ ಮಾಡೂಣು ಅಂತ ಕಾಗದ ಬರದಿದ್ದ.
ತುಕ್ಕು ಕಾಯತೈತೇನು, ಹಡಗ ಬರೂತನಕ?
ಕಿಟಕಿಗೆ ತಂದದ್ದು ಅರ್ಧ ಡಬ್ಬಿ ಉಳದಿತ್ತು.
ಎರಡು ದಿನ ಹಿಡೀತು. ಗದ್ದಿಯವರೆಲ್ಲಾ ನಕ್ಕರು.
ಆ ವರ್ಷ ನಾನಾ ಓಡಿಸಿದೆ, ನೀಲಿ ಟ್ರ್ಯಾಕ್ಟರು.
ಅವ ಬಂದ. ಬಂದ ಮೂರನೇ ದಿನ ಕೆಂಪು ಹಚ್ಚಿದ.
ಏನೂ ಅನಲಿಲ್ಲ. ನಾನೂ ಏನೂ ಅನಲಿಲ್ಲ.
ಚಾ ಆರತೈತಿ, ಕುಡೀರಿ.

ಮರುದಿನ ಗಾಳಿ ಏಳೂದಕ್ಕ ಮೊದಲ
ಕೋಳಿ ಬುಟ್ಟಿ ಕೆಳಗ. ಟೈರಿಗೆ, ದೀಪಕ್ಕ
ನನಗ ಓದಾಕ ಬರದ ಕೊಂಕಣಿ ಪೇಪರು.
ಧೂಳು ಏಳಬಾರದಂತ ನೆಲಕ್ಕ ನೀರು.
ಆಕಿ ಬ್ರಶ್ಶು ಮುಟ್ಟದ ಜಾಗ ಒಂದ ಇತ್ತು, ಬ್ಯಾಟರಿ ಕೆಳಗ;
ಅಲ್ಲಿ ಬಿಸಲು ಕಾಣದ ಮೊದಲಿನ ಕೆಂಪು.
ಅದಕ್ಕ ಹೊಂದಿಸಿ ಕಲಸಿದೆ.

ಒಂದು ಗೇಣು ದೂರ.
ತೋಳು ಆಡಬೇಕು, ಮಣಿಕಟ್ಟು ತಿರಗಬಾರದು.
ಹೋದ ಸರ್ತಿಯ ಅರ್ಧದ ಮ್ಯಾಲ ಈ ಸರ್ತಿ.
ಕೈ ನಿಂತಿತಂದ್ರ ಅಳತೈತಿ ಬಣ್ಣ.

ಎಲ್ಲಾ ಹೊಡದೆ.
ಎಡಗಡೆ ಮಡ್‌ಗಾರ್ಡಿನಾಗ, ಆ ಕೂದಲ ಇದ್ದ ಕಡೆ,
ಅಂಗೈಯಷ್ಟು ಬಿಟ್ಟು.
ಆಕಿ ಬಿಡು ಅಂದಿರಲಿಲ್ಲ. ಟೇಪ ಹಚ್ಚಿದವ ನಾ.

ಸಂಜಿಮುಂದ ಸಾಂತಾನ ಬಲ್ಕಾಂವ ಮೆಟ್ಟಲ ಇಳದು
ಕೋಲು ಊರಿಕೋತ ಬಂದ. ಒಂದು ಸುತ್ತು ಹಾಕಿದ.
ಕೆಂಪಿಗೆ ಏನೂ ಅನಲಿಲ್ಲ.
ನೀಲಿ ಮುಂದ ನಿಂತ.
ಒಣಗೈತೇನು? ಅಂದ.
ಮೂವತ್ತೊಂದು ವರ್ಷದ ಬಣ್ಣ. ಹೂಂ, ಅಂದೆ.
ಒಂದು ಬೆರಳು ಇಟ್ಟ, ಮೆಲ್ಲಗ,
ತಗದು ಬೆಳಕಿಗೆ ಹಿಡದು ನೋಡಿಕೊಂಡ.

ಒಳಗಿಂದ ಆಕಿ ಕೂಗಿದಳು: ಕೋಳಿ ಬಿಡಲೇನು?
ಬ್ಯಾಡ ತಡಿ, ಅಂದ,
ಇನ್ನೂ ಹಸಿ ಐತಿ.